ಹೇಳಿ ಕೈಕೊಡುವುದು, ಹೇಳದೆ ಕೈಕೊಡುವುದು: ಹಳೆ ಪಾರ್ಟ್‌ಗಳಿಂದ ಟ್ರಯಲ್ಸ್ ಸೈಕಲ್ ಕಟ್ಟುವ ಬಗೆ

ಟ್ರಯಲ್ಸ್ ಸೈಕಲ್ಲಿಗೆ ಸೀಟ್ ಇರುವುದಿಲ್ಲ. ಗೇರ್ ಬದಲಿಸುವ ಲಿವರ್ ಇಲ್ಲ, ಸಸ್ಪೆನ್ಷನ್ ಇಲ್ಲ. ಮೊದಲ ಸಲ ನೋಡಿದವರಿಗೆ ಯಾರೋ ಅರ್ಧ ಬಿಚ್ಚಿಟ್ಟ ಸೈಕಲ್ ಥರ ಕಾಣುತ್ತದೆ. ಆದರೆ ಇದರ ಮೇಲೆ ನಿಂತು ಬಂಡೆಯಿಂದ ಬಂಡೆಗೆ ಹಾರುತ್ತಾರೆ. ಎದೆಯೆತ್ತರದ ಗೋಡೆ ಹತ್ತುತ್ತಾರೆ. ಹಿಂದಿನ ಚಕ್ರವೊಂದರ ಮೇಲೆ ನಿಂತು, ಸಣ್ಣಗೆ ಕುಪ್ಪಳಿಸುತ್ತಾ, ಮುಂದಿನ ಜಿಗಿತದ ಅಳತೆ ಹಾಕುತ್ತಾರೆ. ಕಾಲು ನೆಲಕ್ಕೆ ತಾಗಬಾರದು, ಅದೇ ಆಟ.

ಈ ಆಟ ಬಂದಿದ್ದು ಮೋಟಾರ್‌ಸೈಕಲ್ ಟ್ರಯಲ್ಸ್‌ನಿಂದ. 1970ರ ದಶಕದಲ್ಲಿ ಸ್ಪೇನಿನ ಕ್ಯಾಟಲೋನಿಯಾದಲ್ಲಿ, ಮೊಂಟೆಸಾ ಮೋಟಾರ್‌ಸೈಕಲ್ ಕಂಪನಿಯಲ್ಲಿದ್ದ ಪೆರೆ ಪಿ ಎಂಬುವರು ತಮ್ಮ ಮಗ ಓಟ್ ಪಿ ಎಂಜಿನ್ ಇಲ್ಲದೆಯೇ ಈ ವಿದ್ಯೆ ಕಲಿಯಲಿ ಅಂತ ಪುಟ್ಟ ಸೈಕಲ್ಲೊಂದನ್ನು ಹೊಂದಿಸಿಕೊಟ್ಟರು. ಮಗ ಮುಂದೆ ವಿಶ್ವ ಚಾಂಪಿಯನ್ ಆದ. ಅಪ್ಪ ಮಾಂಟಿ ಅನ್ನುವ ಸೈಕಲ್ ಬ್ರ್ಯಾಂಡ್ ಕಟ್ಟಿದರು. ಅಂದರೆ ಒಂದಕ್ಕೆಂದು ಮಾಡಿದ್ದನ್ನು ಇನ್ನೊಂದಕ್ಕೆ ಒಗ್ಗಿಸುವ ಕೆಲಸ ಈ ಆಟದ ಹುಟ್ಟಿನಲ್ಲೇ ಇದೆ. ಹಳೆ ಪಾರ್ಟ್ ಹುಡುಕಿ ಸೈಕಲ್ ಕಟ್ಟುವ ನಮಗೆ ಇದು ಖುಷಿಯ ವಿಷಯ.

ನಾನು ಓಡಿಸಿದ ಟ್ರಯಲ್ಸ್ ಸೈಕಲ್ಲುಗಳೆಲ್ಲ ಸೆಕೆಂಡ್ ಹ್ಯಾಂಡ್ ಪಾರ್ಟ್‌ಗಳಿಂದ ಕಟ್ಟಿದವೇ. "ಅಪಾಯ ಅಲ್ವಾ?" ಅಂತ ಕೇಳುವವರು ಜಾಸ್ತಿ. ಕೇಳುವುದು ಸರಿಯೇ. ಉತ್ತರ ಮಾತ್ರ ಪಾರ್ಟ್‌ನಿಂದ ಪಾರ್ಟ್‌ಗೆ ಬೇರೆ. ಕೆಲವು ಪಾರ್ಟ್‌ಗಳು ಹೇಳಿ ಕೈಕೊಡುತ್ತವೆ. ಮೊದಲು ಕಿರುಗುಟ್ಟುತ್ತವೆ, ಆಮೇಲೆ ಅಲ್ಲಾಡುತ್ತವೆ, ವಾರಗಟ್ಟಲೆ ಸತಾಯಿಸಿ ಕೊನೆಗೊಮ್ಮೆ ನಿಲ್ಲುತ್ತವೆ. ಇನ್ನು ಕೆಲವು ಹೇಳದೆ ಕೈಕೊಡುತ್ತವೆ. ಈ ಕ್ಷಣ ಚೆನ್ನಾಗಿವೆ, ಮುಂದಿನ ಕ್ಷಣ ಎರಡು ತುಂಡು. ಮೊದಲ ಬಗೆಯನ್ನು ಹಳೆಯದು ಕೊಳ್ಳಬಹುದು. ಎರಡನೇ ಬಗೆಗೆ ಹೊಸದರ ದುಡ್ಡನ್ನೇ ಹಾಕಬೇಕು, ಇಲ್ಲವೇ ಅದರ ಪೂರ್ವಾಪರ ಗೊತ್ತಿರಬೇಕು. ಯಾವುದು ಯಾವ ಬಗೆ ಅಂತ ತಿಳಿಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಚೈನ್ ಮೇಲೆ ಎಷ್ಟು ಭಾರ ಬೀಳುತ್ತದೆ

ಹೇಳದೆ ಕೈಕೊಡುವವುಗಳಲ್ಲಿ ಮೊದಲನೆಯದು ಚೈನ್. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ಒಂದು ಸನ್ನೆಗೋಲು. ಅದರ ಉದ್ದ 170 ಮಿ.ಮೀ. ಅಂತ ಇಟ್ಟುಕೊಳ್ಳಿ. ಮಾಮೂಲಿ ಸೈಕಲ್‌ನ ಮುಂದಿನ ಸ್ಪ್ರಾಕೆಟ್‌ನಲ್ಲಿ 44 ಹಲ್ಲು ಇದ್ದರೆ ಅದರ ತ್ರಿಜ್ಯ ಸುಮಾರು 89 ಮಿ.ಮೀ. 70 ಕೆ.ಜಿ. ತೂಕದ ಸವಾರ ಅಡ್ಡಕ್ಕಿರುವ ಪೆಡಲ್ ಮೇಲೆ ಒಂದೇ ಕಾಲಲ್ಲಿ ಸುಮ್ನೆ ನಿಂತರೆ, ಚೈನ್ ಮೇಲೆ ಸುಮಾರು 134 ಕೆ.ಜಿ.ಯಷ್ಟು ಎಳೆತ ಬೀಳುತ್ತದೆ. ಟ್ರಯಲ್ಸ್ ಸೈಕಲ್‌ನಲ್ಲಿ ಮುಂದಿನ ಸ್ಪ್ರಾಕೆಟ್ ಸಾಮಾನ್ಯವಾಗಿ 18 ಹಲ್ಲಿನದು. ತ್ರಿಜ್ಯ 36 ಮಿ.ಮೀ. ಚಿಲ್ಲರೆ. ಅದೇ ಸವಾರ, ಅದೇ ಕ್ರ್ಯಾಂಕ್, ಆದರೆ ಎಳೆತ ಸುಮಾರು 327 ಕೆ.ಜಿ.

ಇದು ಅಲ್ಲಾಡದೆ ನಿಂತಾಗಿನ ಲೆಕ್ಕ. ಟ್ರಯಲ್ಸ್‌ನಲ್ಲಿ ಯಾರೂ ಅಲ್ಲಾಡದೆ ನಿಲ್ಲುವುದಿಲ್ಲ. ಹಿಂದಿನ ಚಕ್ರದ ಮೇಲೆ ಕೂತ ಭಂಗಿಯಿಂದ ಬ್ರೇಕ್ ಬಿಟ್ಟು, ಕೈಯಲ್ಲಿ ಹ್ಯಾಂಡಲ್ ಎಳೆದು, ಇಡೀ ಮೈಯಿಂದ ಪೆಡಲನ್ನು ಒದೆಯುತ್ತಾರೆ. ಇದಕ್ಕೆ ಕಿಕ್ ಅನ್ನುತ್ತಾರೆ. ಆ ಕ್ಷಣದಲ್ಲಿ ಎಳೆತ ಒಂದೂವರೆ ಪಟ್ಟು, ಎರಡು ಪಟ್ಟು ಆಗುವುದು ಸಾಮಾನ್ಯ. ಒಳ್ಳೆಯ ಹೊಸ ಚೈನ್ ಸುಮಾರು 800 ಕೆ.ಜಿ.ಗಿಂತ ಜಾಸ್ತಿ ಎಳೆತ ತಡೆಯುತ್ತದೆ. ಹಾಗಾಗಿ ಹೊಸ ಚೈನ್‌ಗೂ ಇಲ್ಲಿ ಉಸಿರಾಡಲು ತುಂಬಾ ಜಾಗ ಇಲ್ಲ. ಇನ್ನು ಯಾರೋ ಎರಡು ವರ್ಷ ಒದ್ದು ಬಿಟ್ಟ ಚೈನ್‌ನ ಕಥೆ ನೀವೇ ಯೋಚಿಸಿ.

ಚೈನ್ ತುಂಡಾಗುವುದು ಯಾವಾಗ? ನಿಮ್ಮ ಮೈಭಾರವೆಲ್ಲ ಒಂದು ಪೆಡಲ್ ಮೇಲಿರುವಾಗಲೇ. ಕಾಲು ಕೆಳಗೆ ಕುಸಿಯುತ್ತದೆ, ಎದೆ ಹ್ಯಾಂಡಲ್‌ಗೆ ಬಡಿಯುತ್ತದೆ, ಮುಂದೆ ಬಂಡೆ ಕಾಯುತ್ತಿರುತ್ತದೆ. ಅದಕ್ಕೇ ನನ್ನದು ಒಂದೇ ಮಾತು: ಸೈಕಲ್‌ನಲ್ಲಿ ಮಿಕ್ಕಿದ್ದೆಲ್ಲ ಹಳೆಯದಿರಲಿ, ಚೈನ್ ಹೊಸದಿರಲಿ.

ಚೈನ್ ಸವೆದಿದೆಯಾ ಅಂತ ನೋಡಲು ಒಂದು ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸರಿಯಾಗಿ ಅರ್ಧ ಇಂಚು. 24 ಪಿನ್ ದಾಟಿದರೆ 12 ಇಂಚು, ಅಂದರೆ 304.8 ಮಿ.ಮೀ. ಇರಬೇಕು. ಇದು 306.3 ಮಿ.ಮೀ. ಆಗಿದ್ದರೆ ಚೈನ್ ಅರ್ಧ ಪರ್ಸೆಂಟ್ ಹಿಗ್ಗಿದೆ. ರಸ್ತೆಯ ಸೈಕಲ್‌ಗಾದರೆ ಇನ್ನೂ ಸ್ವಲ್ಪ ದಿನ ಓಡಿಸಬಹುದಿತ್ತು. ಇಲ್ಲಿ ಬೇಡ. ಇನ್ನೊಂದು ಎಚ್ಚರ: ಚೈನ್ ಕಟ್ಟರ್‌ನಲ್ಲಿ ಹೊರದೂಡಿದ ಪಿನ್ನನ್ನೇ ಮತ್ತೆ ಒಳದೂಡಿ ಕೂಡಿಸಬೇಡಿ. ಪಿನ್ ಒಮ್ಮೆ ಹೊರಗೆ ಬಂದರೆ ಪಕ್ಕದ ತಗಡಿನ ತೂತು ಚೂರು ದೊಡ್ಡದಾಗಿರುತ್ತದೆ. ಚೈನ್ ಎಲ್ಲಾದರೂ ಬಿಡುವುದಿದ್ದರೆ ಅಲ್ಲೇ ಬಿಡುತ್ತದೆ.

ಫ್ರೀವೀಲ್ ಮಾತಾಡುತ್ತದೆ, ಕಿವಿ ಕೊಡಿ

ತುಳಿಯುವುದು ನಿಲ್ಲಿಸಿದರೂ ಚಕ್ರ ಉರುಳಲು ಬಿಡುವ ಭಾಗವೇ ಫ್ರೀವೀಲ್. ಮಾಮೂಲಿ ಸೈಕಲ್‌ನಲ್ಲಿ ಅದು ಹಿಂದಿನ ಚಕ್ರದಲ್ಲಿರುತ್ತದೆ. ಬಹುಪಾಲು ಟ್ರಯಲ್ಸ್ ಸೈಕಲ್‌ಗಳಲ್ಲಿ ಅದು ಮುಂದೆ, ಕ್ರ್ಯಾಂಕ್ ಮೇಲೆಯೇ ಕೂತಿರುತ್ತದೆ. ಹಿಂದೆ 12 ಹಲ್ಲಿನಷ್ಟು ಪುಟ್ಟ ಕಾಗ್ (ಹಲ್ಲುಚಕ್ರ) ಬೇಕು, ಅಷ್ಟು ಚಿಕ್ಕದರ ಒಳಗೆ ಮಾಮೂಲಿ ಅಳತೆಯ ಫ್ರೀವೀಲ್ ಕೂರಿಸಲು ಜಾಗ ಇಲ್ಲ. ಹಾಗಾಗಿ ಹಿಂದಿನ ಕಾಗ್ ಅಂದರೆ ಚಕ್ರದ ನಡುವಿನ ಹಬ್‌ಗೆ ಗಟ್ಟಿಯಾಗಿ ತಿರುಚಿದ ಬರಿಯ ಹಲ್ಲು, ಬಿಚ್ಚಿಕೊಳ್ಳುವ ಕೆಲಸವೆಲ್ಲ ಮುಂದೆ. ಇದರಿಂದ ಒಂದು ವಿಚಿತ್ರ ಆಗುತ್ತದೆ: ಪೆಡಲ್ ತುಳಿಯದಿದ್ದರೂ ಚಕ್ರ ಉರುಳಿದಷ್ಟು ಹೊತ್ತೂ ಚೈನ್ ಓಡುತ್ತಲೇ ಇರುತ್ತದೆ. ಶೂ ಲೇಸ್ ಒಳಗೆ ಸಿಕ್ಕಿಸಿಕೊಂಡೇ ಹತ್ತಿ.

ಫ್ರೀವೀಲ್ ಒಳಗೆ ಒಂದು ಸುತ್ತು ಗರಗಸದ ಹಲ್ಲು ಇರುತ್ತದೆ. ಅದಕ್ಕೆ ಕಚ್ಚಿಕೊಳ್ಳುವ ನಾಲಿಗೆಯಂಥ ಪುಟ್ಟ ಉಕ್ಕಿನ ತುಂಡುಗಳು ಕೆಲವು ಇರುತ್ತವೆ. ಇವಕ್ಕೆ ಪಾಲ್ ಅನ್ನುತ್ತಾರೆ. ಒಂದು ಕೂದಲೆಳೆ ಸ್ಪ್ರಿಂಗ್ ಅವನ್ನು ಹೊರಕ್ಕೆ ದೂಡುತ್ತಿರುತ್ತದೆ. ಮುಂದಕ್ಕೆ ತುಳಿದಾಗ ನಾಲಿಗೆ ಹಲ್ಲಿಗೆ ಕಚ್ಚುತ್ತದೆ, ಬಿಟ್ಟಾಗ ಹಲ್ಲಿನ ಮೇಲೆ ಜಾರುತ್ತದೆ. ಆ ಜಾರುವಿಕೆಯೇ ಟಿಕ್ ಟಿಕ್ ಸದ್ದು. ಒಂದು ಸುತ್ತಿನಲ್ಲಿ ಎಷ್ಟು ಸಲ ಕಚ್ಚಲು ಸಾಧ್ಯವೋ ಅದೇ ಫ್ರೀವೀಲ್‌ನ ಯೋಗ್ಯತೆ. ಸುತ್ತಿನಲ್ಲಿ 18 ಸಲ ಕಚ್ಚುವ ಸಾದಾ ಫ್ರೀವೀಲ್‌ನಲ್ಲಿ ಕಾಲು 20 ಡಿಗ್ರಿವರೆಗೆ ಖಾಲಿ ತಿರುಗಬಹುದು. 72 ಸಲ ಕಚ್ಚುವುದರಲ್ಲಿ ಹೆಚ್ಚೆಂದರೆ 5 ಡಿಗ್ರಿ. ಹಿಂದಿನ ಚಕ್ರದ ಮೇಲೆ ತೂಗುತ್ತಿರುವಾಗ ಆ 15 ಡಿಗ್ರಿ ವ್ಯತ್ಯಾಸವೇ ನಿಲ್ಲುವುದಕ್ಕೂ ಬೀಳುವುದಕ್ಕೂ ನಡುವಿನ ಅಂತರ. ವೈಟ್ ಇಂಡಸ್ಟ್ರೀಸ್ ಕಂಪನಿಯ ಎನೋ ಟ್ರಯಲ್ಸ್ ಫ್ರೀವೀಲ್ 72 ಸಲ ಕಚ್ಚುವಂಥದ್ದು. ಅದನ್ನು ಬಿಚ್ಚಿ ತೊಳೆದು ಮತ್ತೆ ಕೂಡಿಸಬಹುದು. ಹಳೆಯದು ಸಿಕ್ಕರೆ ಬಿಡಬೇಡಿ ಅಂತ ನಾನು ಹೇಳುವುದು ಈ ಕಾರಣಕ್ಕೆ.

ಹಳೆ ಫ್ರೀವೀಲ್ ಕೈಗೆ ಬಂದಾಗ ಹೀಗೆ ಮಾಡಿ. ಸದ್ದಿಲ್ಲದ ಜಾಗದಲ್ಲಿ ಕೂತು, ಕಿವಿ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸಿ. ಟಿಕ್ ಟಿಕ್ ಒಂದೇ ಸಮ ಬರಬೇಕು, ಗಡಿಯಾರದ ಥರ. ನಡುವೆ ಒಂದು ಟಿಕ್ ಮಂಕಾಗಿದ್ದರೆ ಯಾವುದೋ ನಾಲಿಗೆ ಸೋಮಾರಿಯಾಗಿದೆ. ಒಂದು ಜಾಗದಲ್ಲಿ ಮಾತ್ರ ಸದ್ದು ತಪ್ಪಿದರೆ ಅಲ್ಲಿನ ಹಲ್ಲು ಮುಕ್ಕಾಗಿದೆ. ಸೋಮಾರಿ ನಾಲಿಗೆಯನ್ನು ತೊಳೆದು ಸರಿಮಾಡಬಹುದು. ಮುಕ್ಕಾದ ಹಲ್ಲನ್ನು ಏನೂ ಮಾಡಲಾಗದು, ಅದು ಗುಜರಿಗೆ. ಆಮೇಲೆ ಹೊರಗಿನ ಹಲ್ಲನ್ನು ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ. ಚೂರು ಆಟ ಇದ್ದೇ ಇರುತ್ತದೆ. ಕಣ್ಣಿಗೆ ಹೊಡೆಯುವಷ್ಟು ಆಟ ಇದ್ದರೆ ಒಳಗಿನ ಬೇರಿಂಗ್ ಲಡಾಸು.

ಇಲ್ಲೊಂದು ಅನುಭವ ಹೇಳಲೇಬೇಕು. ನನಗೆ ಸಿಕ್ಕ ಮೊದಲ ಒಳ್ಳೆಯ ಫ್ರೀವೀಲ್ ಒಣಗಿಹೋಗಿತ್ತು. ತೊಳೆದು, ಪ್ರೀತಿಯಿಂದ ದಪ್ಪ ಗ್ರೀಸ್ ತುಂಬಿದೆ. ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯಂತೆ ಸದ್ದಿಲ್ಲದೆ ತಿರುಗಿತು. ಎರಡನೇ ದಿನ ಮೊಣಕಾಲೆತ್ತರದ ಕಲ್ಲಿಗೆ ಕಿಕ್ ಹೊಡೆದಾಗ ಅದು ಕಚ್ಚಲೇ ಇಲ್ಲ. ಕಾಲು ಗಾಳಿಗೆ ಹೋಯಿತು, ಮೊಣಕಾಲ ಚಿಪ್ಪು ಕಲ್ಲಿಗೆ. ಬಿಚ್ಚಿ ನೋಡಿದಾಗ ನಾಲಿಗೆಗಳು ಗ್ರೀಸ್‌ನಲ್ಲಿ ಅಂಟಿ ಕೂತಿದ್ದವು. ಅಷ್ಟು ಸಣ್ಣ ಸ್ಪ್ರಿಂಗ್‌ಗೆ ಅವನ್ನು ಎಬ್ಬಿಸುವ ಶಕ್ತಿ ಇರಲಿಲ್ಲ. ಫ್ರೀವೀಲ್‌ಗೆ ಹಾಕಬೇಕಾದ್ದು ತೆಳು ಎಣ್ಣೆ, ಇಲ್ಲವೇ ತುಂಬಾ ತೆಳುವಾದ ಗ್ರೀಸ್, ಅದೂ ಸವರಿದಷ್ಟು ಮಾತ್ರ. ಸದ್ದು ಮಾಡುವ ಫ್ರೀವೀಲ್ ಆರೋಗ್ಯವಾಗಿದೆ ಅಂತ ಅರ್ಥ. ಸುಮ್ಮನಾದರೆ ಬಿಚ್ಚಿ ನೋಡಿ.

ಕೊಳ್ಳುವ ಮೊದಲು ಫ್ರೀವೀಲ್ ಬಿಚ್ಚುವ ಟೂಲ್ ಕೂರುವ ಗಾಡಿಗಳನ್ನೂ, ಅಂದರೆ ಲೋಹದಲ್ಲಿ ಕೊರೆದ ಕಚ್ಚುಗಳನ್ನೂ ನೋಡಿಕೊಳ್ಳಿ. ಪ್ರತಿ ಕಿಕ್‌ಗೂ ಫ್ರೀವೀಲ್ ಕ್ರ್ಯಾಂಕ್‌ನ ಥ್ರೆಡ್ ಮೇಲೆ ಇನ್ನಷ್ಟು ಬಿಗಿಯಾಗುತ್ತದೆ. ವರ್ಷ ಕಳೆದ ಮೇಲೆ ಅದನ್ನು ತೆಗೆಯುವುದು ದೊಡ್ಡ ಕುಸ್ತಿ. ಟೂಲ್ ಕೂರುವ ಗಾಡಿಗಳ ಅಂಚು ತಿಂದುಹೋಗಿದ್ದರೆ ಅದು ಮತ್ತೆ ಈಚೆ ಬರುವುದು ಅನುಮಾನ. ಗಾಡಿ ಸರಿಯಿದ್ದರೆ ಟೂಲನ್ನು ಬೆಂಚ್ ವೈಸ್‌ಗೆ ಕಚ್ಚಿಸಿ, ಕ್ರ್ಯಾಂಕನ್ನೇ ಸನ್ನೆಗೋಲು ಮಾಡಿಕೊಂಡು ತಿರುಗಿಸಿ. ಟೂಲ್ ಜಾರದಂತೆ ಒಂದು ಬೋಲ್ಟ್ ಹಾಕಿ ಹಿಡಿಸಿಕೊಳ್ಳುವುದನ್ನು ಮರೆಯಬೇಡಿ. ಹೊಸದಾಗಿ ಕೂರಿಸುವಾಗ ಥ್ರೆಡ್‌ಗೆ ಧಾರಾಳವಾಗಿ ಗ್ರೀಸ್ ಹಚ್ಚಿ. ದಪ್ಪ ಗ್ರೀಸ್‌ಗೆ ಸರಿಯಾದ ಜಾಗ ಅದು.

ಫ್ರೇಮ್ ಓದುವುದು

ಫ್ರೇಮ್ ಎರಡೂ ಬಗೆಗೆ ಸೇರುತ್ತದೆ. ನೋಡಲು ಬಂದವರಿಗೆ ಹೇಳುತ್ತದೆ, ನೋಡದವರಿಗೆ ಹೇಳುವುದಿಲ್ಲ.

ಟ್ರಯಲ್ಸ್ ಫ್ರೇಮ್‌ಗಳಲ್ಲಿ ಬಹುಪಾಲು ಅಲ್ಯೂಮಿನಿಯಂ. ಉಕ್ಕಿಗೆ ಒಂದು ಮಿತಿ ಇದೆ, ಆ ಮಿತಿಯ ಕೆಳಗಿನ ಹೊಡೆತಗಳನ್ನು ಅದು ಎಷ್ಟು ಸಲ ಬೇಕಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಸಣ್ಣ ಹೊಡೆತವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಹಾಗಾಗಿ ಫ್ರೇಮ್ ಎಷ್ಟು ವರ್ಷ ಹಳೆಯದು ಅನ್ನುವುದಕ್ಕಿಂತ ಎಷ್ಟು ಹೊಡೆತ ತಿಂದಿದೆ ಅನ್ನುವುದು ಮುಖ್ಯ. ಹತ್ತು ವರ್ಷ ಗೋಡೆಗೆ ತೂಗುಬಿದ್ದ ಫ್ರೇಮ್ ಒಳ್ಳೆಯದಿರಬಹುದು, ಒಂದೇ ವರ್ಷ ಸ್ಪರ್ಧೆಯಲ್ಲಿ ಮಿಂದು ಬಂದದ್ದು ಮುಗಿದಿರಬಹುದು.

ಬಿರುಕು ಹುಡುಕಬೇಕಾದ ಜಾಗಗಳು ಗೊತ್ತಿರುವಂಥವೇ. ಕೆಳಗಿನ ಪೈಪ್ ಮುಂದಿನ ಫೋರ್ಕ್ ಕೂರುವ ಹೆಡ್ ಟ್ಯೂಬ್‌ಗೆ ಸೇರುವ ವೆಲ್ಡಿಂಗ್‌ನ ಕೆಳಭಾಗ. ಕ್ರ್ಯಾಂಕ್‌ನ ಅಕ್ಷ ಕೂರುವ ಬಾಟಮ್ ಬ್ರ್ಯಾಕೆಟ್ ಸುತ್ತ, ಅದರಲ್ಲೂ ಚೈನ್ ಬದಿ. ಹಿಂದಿನ ಬ್ರೇಕ್ ಕೂರುವ ಕಂಬಗಳ ಬುಡ. ಹಿಂದಿನ ಅಕ್ಷ ಕೂರುವ ಡ್ರಾಪ್‌ಔಟ್.

ನನ್ನ ಪರೀಕ್ಷೆ ಹೀಗೆ. ಮೊದಲು ಸೋಪು ನೀರಲ್ಲಿ ತೊಳೆದು ಒಣಗಿಸುತ್ತೇನೆ. ಸ್ಟಿಕ್ಕರ್‌ಗಳನ್ನು ಕಿತ್ತು ಹಾಕುತ್ತೇನೆ. ಮಾರುವವರಿಗೆ ಇದು ಇಷ್ಟವಾಗುವುದಿಲ್ಲ, ಆದರೂ ಕೇಳಿ ನೋಡಿ. ಆಮೇಲೆ ವೆಲ್ಡಿಂಗ್ ಮೇಲೆ ಬೆಳಕು ಬಿಡುತ್ತೇನೆ, ನೇರವಾಗಿ ಅಲ್ಲ, ಪಕ್ಕದಿಂದ ಓರೆಯಾಗಿ. ಉಗುರನ್ನು ಮೆಲ್ಲಗೆ ಎಳೆಯುತ್ತೇನೆ. ಗೆರೆ ಕಂಡರೆ ಅದು ಬಣ್ಣದ ಬಿರುಕೋ ಲೋಹದ ಬಿರುಕೋ ತಿಳಿಯಬೇಕು. ಅದಕ್ಕೆ ಹಳೆ ಮೆಕ್ಯಾನಿಕ್‌ಗಳ ಉಪಾಯವೊಂದಿದೆ. ಆ ಜಾಗಕ್ಕೆ ತೆಳು ಎಣ್ಣೆ ಸವರಿ ಅರ್ಧ ಗಂಟೆ ಬಿಡಿ. ಬಟ್ಟೆಯಿಂದ ಪೂರ್ತಿ ಒರೆಸಿ ಒಣಗಿಸಿ. ಮೇಲೆ ನುಣ್ಣಗೆ ಪುಡಿಮಾಡಿದ ಸೀಮೆಸುಣ್ಣ ಉದುರಿಸಿ, ಎದುರಿನ ಪೈಪನ್ನು ಕೈಯಿಂದ ಬಲವಾಗಿ ಬಾಗಿಸುವಂತೆ ಒತ್ತಿ ಬಿಡಿ, ನಾಲ್ಕೈದು ಸಲ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ಮೇಲೆ ಬರುತ್ತದೆ. ಬಿಳಿ ಪುಡಿಯ ಮೇಲೆ ಕೂದಲಿನಂಥ ಕಪ್ಪು ಗೆರೆಯೊಂದು ನಿಧಾನಕ್ಕೆ ಮೂಡುತ್ತದೆ. ಒಮ್ಮೆ ನಾನು ಕೊಂಡ ಫ್ರೇಮ್‌ನಲ್ಲಿ ಕೆಳಗಿನ ಪೈಪ್‌ಗೆ ಸುತ್ತಿದ್ದ ದೊಡ್ಡ ಸ್ಟಿಕ್ಕರ್‌ನ ಅಡಿಯಲ್ಲಿ ಇಂಥದೇ ಗೆರೆ ಎದ್ದಿತು, ಸುಮಾರು ಎರಡು ಸೆಂಟಿಮೀಟರ್. ಕೊಟ್ಟವರಿಗೆ ಗೊತ್ತಿತ್ತೋ ಇಲ್ಲವೋ. ಆ ಗೆರೆ ನೋಡಿದಾಗ ಹೊಟ್ಟೆ ತಣ್ಣಗಾದದ್ದು ಈಗಲೂ ನೆನಪಿದೆ.

ಬಿರುಕಿಗೆ ವೆಲ್ಡಿಂಗ್ ಮಾಡಿಸಿದರೆ ಆಗದಾ? ಉಕ್ಕಿನ ಫ್ರೇಮ್‌ಗೆ ಒಳ್ಳೆಯ ಕೈ ಸಿಕ್ಕರೆ ಆಗುತ್ತದೆ. ಅಲ್ಯೂಮಿನಿಯಂನಲ್ಲಿ ಕಷ್ಟ. 6061ರಂಥ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಗಟ್ಟಿತನ ಬಂದಿದ್ದೇ ಕಾರ್ಖಾನೆಯ ಶಾಖ ಸಂಸ್ಕಾರದಿಂದ. ವೆಲ್ಡಿಂಗ್‌ನ ಬಿಸಿ ಆ ಸುತ್ತಲಿನ ಗಟ್ಟಿತನವನ್ನು ತೆಗೆದುಬಿಡುತ್ತದೆ. ಮತ್ತೆ ಇಡೀ ಫ್ರೇಮನ್ನು ಕುಲುಮೆಗೆ ಹಾಕಿ ಸಂಸ್ಕಾರ ಮಾಡಬೇಕು. ಅದಿಲ್ಲದ ವೆಲ್ಡಿಂಗ್ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಹಾಗಾಗಿ ವೆಲ್ಡ್ ಮಾಡಿದ ಅಲ್ಯೂಮಿನಿಯಂ ಫ್ರೇಮ್ ನನಗೆ ಬೇಡ. ಇನ್ನು ತಳದ ಬ್ಯಾಶ್ ಪ್ಲೇಟ್ ಮೇಲಿನ ಗೀರು, ತಗ್ಗುಗಳ ಬಗ್ಗೆ ಚಿಂತೆ ಬೇಡ. ಬಂಡೆಗೆ ಉಜ್ಜಿಸಿಕೊಳ್ಳುವುದೇ ಅದರ ಕೆಲಸ.

ಮುಂದಿನ ಫೋರ್ಕ್, ಹ್ಯಾಂಡಲ್, ಇವೆರಡನ್ನೂ ಕೂಡಿಸಿ ಹಿಡಿಯುವ ಸ್ಟೆಮ್ ಈ ಮೂರನ್ನು ನಾನು ಚೈನ್ ಸಾಲಿಗೇ ಸೇರಿಸುತ್ತೇನೆ. ಹಳೆ ಅಲ್ಯೂಮಿನಿಯಂ ಹ್ಯಾಂಡಲ್ ಮುರಿಯುವುದು ಸ್ಟೆಮ್ ಕಚ್ಚಿದ ಜಾಗದಲ್ಲಿ, ಅಂದರೆ ಕಣ್ಣಿಗೆ ಕಾಣದ ಕಡೆ. ಬಿಚ್ಚಿ ನೋಡಿದಾಗ ಅಲ್ಲಿ ಆಳದ ಗೀರು ಕಂಡರೆ ಯೋಚನೆಯೇ ಬೇಡ, ತೆಗೆದಿಡಿ. ಯಾರು ಓಡಿಸಿದ್ದು, ಹೇಗೆ ಬಿದ್ದಿದ್ದು ಅಂತ ಗೊತ್ತಿಲ್ಲದ ಕಾರ್ಬನ್ ಪಾರ್ಟ್ ಅಂತೂ ಮುಟ್ಟಬೇಡಿ.

ಅಳತೆ ಹೊಂದದಿದ್ದರೆ ಎಲ್ಲ ವ್ಯರ್ಥ

ಒಳ್ಳೆಯ ಪಾರ್ಟ್‌ಗಳು ಸಿಕ್ಕರೂ ಒಂದಕ್ಕೊಂದು ಕೂರದಿದ್ದರೆ ಅವು ಬರೀ ಕಬ್ಬಿಣ. ಟ್ರಯಲ್ಸ್‌ನಲ್ಲಿ 20 ಇಂಚಿನ ಚಕ್ರದ ಸೈಕಲ್ಲಿಗೆ ಮಾಡ್ ಅನ್ನುತ್ತಾರೆ, 26 ಇಂಚಿನದಕ್ಕೆ ಸ್ಟಾಕ್. ಸ್ಕಾಟ್ಲೆಂಡಿನ ಸವಾರ ಡ್ಯಾನಿ ಮ್ಯಾಕ್‌ಆಸ್ಕಿಲ್ ಅವರಿಂದ ಜಗತ್ತಿಗೆ ಪರಿಚಯವಾದ ಬೀದಿ ಟ್ರಯಲ್ಸ್‌ಗೆ 24 ಇಂಚಿನದು ಜನಪ್ರಿಯ. ಮಾಡ್ ಫ್ರೇಮ್‌ನ ಹಿಂದಿನ ಹಬ್ ಸಾಮಾನ್ಯವಾಗಿ 116 ಮಿ.ಮೀ. ಅಗಲ, ಸ್ಟಾಕ್‌ನದು 135. ಒಂದರ ಹಬ್ ಇನ್ನೊಂದಕ್ಕೆ ಬರುವುದಿಲ್ಲ. ಹ್ಯಾಂಡಲ್‌ನ ನಡುಭಾಗ 25.4 ಅಥವಾ 31.8 ಮಿ.ಮೀ. ಇರುತ್ತದೆ, ಸ್ಟೆಮ್ ಅದಕ್ಕೆ ಹೊಂದಬೇಕು. ಬಾಟಮ್ ಬ್ರ್ಯಾಕೆಟ್ ಬಹಳಷ್ಟು ಸಲ ಐಸಿಸ್ ಮಾದರಿಯದು, 10 ಗಾಡಿಗಳ ಅಕ್ಷ. ಹಿಂದಿನ ಬ್ರೇಕ್‌ಗೆ ಮಗುರಾ ಕಂಪನಿಯ ಬ್ರೇಕ್ ಕೂರುವ 4 ಬೋಲ್ಟ್ ಕಂಬಗಳಿವೆಯಾ, ವಿ ಬ್ರೇಕ್ ಗೂಟಗಳಿವೆಯಾ, ಡಿಸ್ಕ್ ಕೂರುವ ಕಿವಿ ಇದೆಯಾ, ಇದನ್ನು ಫ್ರೇಮ್ ಕೊಳ್ಳುವ ಮೊದಲೇ ನೋಡಬೇಕು. ವರ್ನಿಯರ್ ಕ್ಯಾಲಿಪರ್ ಜೇಬಲ್ಲಿಟ್ಟುಕೊಂಡೇ ಹೋಗಿ.

ಹಳೆ ಫ್ರೇಮ್‌ಗಳಲ್ಲಿ ಕ್ರ್ಯಾಂಕ್‌ನ ಅಕ್ಷ ಚಕ್ರದ ಅಕ್ಷಕ್ಕೆ ಹೆಚ್ಚುಕಮ್ಮಿ ಸಮವಾಗಿರುತ್ತಿತ್ತು. ಈಚಿನವುಗಳಲ್ಲಿ ಹಲವು ಸೆಂಟಿಮೀಟರ್ ಮೇಲಿರುತ್ತದೆ. ಮೇಲಿದ್ದಷ್ಟೂ ಹಿಂದಿನ ಚಕ್ರದ ಮೇಲೆ ಬೇಗ ಏಳುತ್ತದೆ, ಕೆಳಗಿದ್ದಷ್ಟೂ ಸೈಕಲ್ ಸ್ಥಿರ ಅನಿಸುತ್ತದೆ. ಕಲಿಯುವವರಿಗೆ ಹಳೆಯದೇನೂ ಕೆಟ್ಟದ್ದಲ್ಲ.

ಕ್ರ್ಯಾಂಕ್ ಹಳೆಯದು ತಗೊಳ್ಳಬಹುದು, ಪೆಡಲ್ ತೂತಿನ ಸುತ್ತ ಬಿರುಕು ಮತ್ತು ಅಕ್ಷ ಕೂರುವ ಗಾಡಿಗಳ ಸವೆತ ನೋಡಿ. ಒಮ್ಮೆ ಸಡಿಲವಾಗಿ ಓಡಿಸಿದ ಕ್ರ್ಯಾಂಕ್ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಪೆಡಲ್‌ನ ಥ್ರೆಡ್ ಮಾತ್ರ ಹೋಗಿದ್ದರೆ ಒಳಗೆ ಹೊಸ ಥ್ರೆಡ್ ಸ್ಲೀವ್ ಹಾಕಿಸಬಹುದು. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ ಅನ್ನುವುದು ನೆನಪಿರಲಿ, ಎಷ್ಟೋ ಕ್ರ್ಯಾಂಕ್‌ಗಳು ಹಾಳಾಗುವುದು ಈ ಮರೆವಿನಿಂದಲೇ.

ನಿಲ್ಲಿಸುವ ಬ್ರೇಕ್ ಬೇರೆ, ಹಿಡಿಯುವ ಬ್ರೇಕ್ ಬೇರೆ

ರಸ್ತೆಯ ಬ್ರೇಕ್ ಓಡುವ ಚಕ್ರವನ್ನು ನಿಧಾನ ಮಾಡುತ್ತದೆ, ಬಿಸಿ ತಾಳಿಕೊಳ್ಳುತ್ತದೆ. ಟ್ರಯಲ್ಸ್ ಬ್ರೇಕ್‌ಗೆ ಬಿಸಿಯ ಕಾಟ ಇಲ್ಲ. ನಿಂತ ಚಕ್ರವನ್ನು ಅಲ್ಲಾಡದಂತೆ ಹಿಡಿಯಬೇಕು, ಮುಂದಕ್ಕೂ ಜಾರಬಾರದು, ಹಿಂದಕ್ಕೂ ಜಾರಬಾರದು, ಅದೂ ಒಂದೇ ಬೆರಳಿನ ಒತ್ತಿಗೆ. ಡಿಸ್ಕ್ ಬ್ರೇಕ್ ಈಗ ಸ್ಪರ್ಧೆಗಳಲ್ಲಿ ಸಾಮಾನ್ಯ. ಆದರೆ ಹಳೆ ಪಾರ್ಟ್‌ಗಳ ಲೋಕದಲ್ಲಿ ಇನ್ನೂ ಚಕ್ರದ ರಿಮ್ಮನ್ನೇ ಪ್ಯಾಡ್‌ನಿಂದ ಹಿಡಿಯುವ ರಿಮ್ ಬ್ರೇಕ್‌ನದೇ ರಾಜ್ಯಭಾರ, ಮುಖ್ಯವಾಗಿ ಮಗುರಾ ಎಚ್‌ಎಸ್33. ಜರ್ಮನಿಯ ಮಗುರಾ ಕಂಪನಿ ಹೈಡ್ರಾಲಿಕ್ ರಿಮ್ ಬ್ರೇಕ್ ತಂದಿದ್ದು 1987ರಲ್ಲಿ. ಗಟ್ಟಿ ಜೀವ, ಬಿಡಿಭಾಗ ಸಿಗುತ್ತದೆ, ಮತ್ತು ಹೇಳಿಯೇ ಕೈಕೊಡುತ್ತದೆ. ಧೈರ್ಯವಾಗಿ ಹಳೆಯದು ಕೊಳ್ಳಿ.

ಪರೀಕ್ಷೆ ಸುಲಭ. ಲಿವರನ್ನು ಗಟ್ಟಿಯಾಗಿ ಒತ್ತಿ ರಬ್ಬರ್ ಪಟ್ಟಿಯಿಂದ ಹ್ಯಾಂಡಲ್‌ಗೆ ಕಟ್ಟಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಲಿವರ್ ಮೊದಲಿಗಿಂತ ಒಳಗೆ ಕುಸಿದಿದ್ದರೆ ಎಲ್ಲೋ ಸೋರುತ್ತಿದೆ. ಪ್ಯಾಡ್ ದೂಡುವ ಪಿಸ್ಟನ್ ಸುತ್ತ ಬೆರಳಾಡಿಸಿ, ಜಿಡ್ಡು ಹತ್ತಿದರೆ ಅಲ್ಲೇ. ಎಣ್ಣೆ ಬದಲಿಸುವಾಗ ಒಂದು ತಪ್ಪು ಮಾಡಬೇಡಿ: ಮಗುರಾ, ಶಿಮಾನೋ ಬ್ರೇಕ್‌ಗಳಿಗೆ ಮಿನರಲ್ ಆಯಿಲ್. ಹೋಪ್ ಕಂಪನಿಯಂಥವಕ್ಕೆ ಡಾಟ್ ಅನ್ನುವ ಬ್ರೇಕ್ ದ್ರವ. ಒಂದಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್‌ಗಳು ಊದಿ ಹಾಳಾಗುತ್ತವೆ. ಟ್ರಯಲ್ಸ್ ಸವಾರರಲ್ಲಿ ಕೆಲವರು ಮಗುರಾ ರಿಮ್ ಬ್ರೇಕ್‌ಗೆ ಎಣ್ಣೆಯ ಬದಲು ನೀರನ್ನೇ ತುಂಬುತ್ತಾರೆ. ನೀರು ತೆಳು, ಲಿವರ್ ಹಗುರ, ಬಿಟ್ಟ ಕೂಡಲೇ ಪ್ಯಾಡ್ ಹಿಂದೆ ಸರಿಯುತ್ತದೆ. ಚಳಿ ಇರುವ ಕಡೆ ಆಂಟಿಫ್ರೀಜ್ ಬೆರೆಸುತ್ತಾರೆ. ಕೆಲಸವೇನೋ ಮಾಡುತ್ತದೆ. ಆದರೆ ಹಳೆ ಬ್ರೇಕ್‌ನ ಒಳಗೆ ತುಕ್ಕಿಗೆ ದಾರಿ ಮಾಡಿಕೊಡಲು ನನಗೆ ಮನಸ್ಸಿಲ್ಲ. ಡಿಸ್ಕ್ ಬ್ರೇಕ್‌ಗಂತೂ ನೀರು ಹಾಕಲೇಬಾರದು.

ಇನ್ನು ರಿಮ್. ನಯವಾದ ರಿಮ್ ಮೇಲೆ ಎಂಥ ಪ್ಯಾಡ್ ಆದರೂ ಜಾರುತ್ತದೆ. ಹಿಂದೆ ಡಾಂಬರು ಸವರುತ್ತಿದ್ದರು. ಈಗ ಆಂಗಲ್ ಗ್ರೈಂಡರ್‌ನಿಂದ ರಿಮ್‌ನ ಪಕ್ಕದ ಗೋಡೆಯನ್ನು ಒರಟು ಮಾಡುತ್ತಾರೆ. ಟೈರ್ ತೆಗೆದು, ಕನ್ನಡಕ ಹಾಕಿ, ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಾ ಗ್ರೈಂಡರ್ ತಟ್ಟೆಯನ್ನು ಓರೆಯಾಗಿ, ಮುಟ್ಟಿಯೂ ಮುಟ್ಟದಂತೆ ತಾಗಿಸಬೇಕು. ಗೀರು ಬೀಳಬೇಕು, ಗುಂಡಿ ಬೀಳಬಾರದು. ಕೆಲಸ ಸರಿಯಾಗಿದ್ದರೆ ಬೆರಳು ಸವರಿದಾಗ ಒರಟು ಉಪ್ಪುಕಾಗದದಂತೆ ಹಿಡಿಯುತ್ತದೆ, ಬ್ರೇಕ್ ಒತ್ತಿದಾಗ ಕಿರ್ರ್ ಅಂತ ಕೂಗುತ್ತದೆ. ಹಳೆ ರಿಮ್ ಕೊಳ್ಳುವಾಗ ಇದೇ ಸಮಸ್ಯೆ: ಪ್ರತಿ ಗ್ರೈಂಡ್‌ಗೂ ಗೋಡೆ ತೆಳುವಾಗಿರುತ್ತದೆ. ನನ್ನ ಲೆಕ್ಕದಲ್ಲಿ ಗೋಡೆ 1 ಮಿ.ಮೀ. ಹತ್ತಿರ ಬಂದಿದ್ದರೆ ಆ ರಿಮ್ ಬೇಡ. ಹಗುರ ಮಾಡಲು ಕೊರೆದ ದೊಡ್ಡ ತೂತುಗಳ ಅಂಚಿನಿಂದ ಸ್ಪೋಕ್ ತೂತಿನ ಕಡೆಗೆ ಸೀಳು ಹೊರಟಿದೆಯಾ ಅಂತಲೂ ನೋಡಿ.

ಚಕ್ರದ ಮಿಕ್ಕ ಭಾಗಗಳು ಒಳ್ಳೆ ಗೆಳೆಯರಂತೆ, ಮೊದಲೇ ಹೇಳುತ್ತವೆ. ಹಬ್‌ನ ಬೇರಿಂಗ್ ಗರಗರ ಅಂದರೆ ಬದಲಿಸಿ. ಸ್ಪೋಕ್‌ಗಳನ್ನು ಬೆರಳಿನಿಂದ ಮೀಟಿ, ಒಂದೇ ಬದಿಯವು ಹೆಚ್ಚುಕಮ್ಮಿ ಒಂದೇ ಸ್ವರ ಕೊಡಬೇಕು. ಮಂಕಾಗಿ ನುಡಿದದ್ದು ಸಡಿಲ. ಹಿಂದಿನ ಟೈರ್ 2.5 ಇಂಚಿನ ದಪ್ಪದ್ದು, ಗಾಳಿ ಕಡಿಮೆ. ಬಂಡೆಯ ಅಂಚಿಗೆ ಬಡಿದು ಟ್ಯೂಬ್‌ನಲ್ಲಿ ಹಾವು ಕಚ್ಚಿದಂತೆ ಎರಡು ತೂತು ಬಿದ್ದರೆ ಗಾಳಿ ತೀರಾ ಕಡಿಮೆಯಾಗಿದೆ ಅಂತ ಅರ್ಥ.

ಕಟ್ಟಿದ ಮೊದಲ ದಿನ

ಎಲ್ಲ ಕೂಡಿಸಿದ ಮೇಲೆ ನೇರ ಬಂಡೆಗೆ ಓಡಬೇಡಿ. ಮೊದಲು ಕ್ರ್ಯಾಂಕ್ ತಿರುಗಿಸುತ್ತಾ ಚೈನ್ ಎಲ್ಲಿ ಅತಿ ಬಿಗಿಯಾಗುತ್ತದೆ ನೋಡಿ. ಸ್ಪ್ರಾಕೆಟ್‌ಗಳು ಪೂರ್ತಿ ದುಂಡಗಿರುವುದಿಲ್ಲ. ಆ ಬಿಗಿಯಾದ ಜಾಗದಲ್ಲೂ ಚೈನ್‌ಗೆ ಚೂರು ಸಡಿಲ ಉಳಿಯುವಂತೆ ಹಿಂದಿನ ಅಕ್ಷದ ಬಸವನಹುಳು ಆಕಾರದ ಬಿಲ್ಲೆಗಳನ್ನು ಎರಡೂ ಬದಿ ಸಮನಾಗಿ ತಿರುಗಿಸಿ ಹೊಂದಿಸಿ. ಸ್ಟೆಮ್‌ನ 5 ಮಿ.ಮೀ. ಬೋಲ್ಟ್‌ಗಳಿಗೆ 5ರಿಂದ 6 ನ್ಯೂಟನ್ ಮೀಟರ್ ಬಿಗಿ ಸಾಕು, ಅಡ್ಡಾದಿಡ್ಡಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ.

ಆಮೇಲೆ ಮುಂದಿನ ಚಕ್ರವನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಎರಡೂ ಬ್ರೇಕ್ ಹಿಡಿದು, ಪೆಡಲ್ ಮೇಲೆ ನಿಧಾನಕ್ಕೆ ಪೂರ್ತಿ ಭಾರ ಬಿಡಿ. ನಂತರ ಮೆಲ್ಲಗೆ ಪುಟಿಯಿರಿ. ಚೈನ್, ಫ್ರೀವೀಲ್, ಕ್ರ್ಯಾಂಕ್, ಹಿಂದಿನ ಕಾಗ್, ಎಲ್ಲದಕ್ಕೂ ಇದು ಮೊದಲ ಪರೀಕ್ಷೆ. ಏನಾದರೂ ಜಾರಿದರೆ ಇಲ್ಲೇ ಜಾರಲಿ, ಕಾಲು ನೆಲದಿಂದ ಒಂದು ಗೇಣು ಮೇಲಿರುವಾಗ. ಸರಿಯಿದ್ದರೆ ಸಮತಟ್ಟು ಜಾಗದಲ್ಲಿ ಹಿಂದಿನ ಚಕ್ರದ ಮೇಲೆ ನಾಲ್ಕು ಹೆಜ್ಜೆ ಕುಪ್ಪಳಿಸಿ, ಒಂದು ಗೇಣಿನ ಮೆಟ್ಟಿಲು ಹತ್ತಿ ಇಳಿಯಿರಿ. ಅರ್ಧ ಗಂಟೆ ಆದ ಮೇಲೆ ನಿಲ್ಲಿಸಿ ಕ್ರ್ಯಾಂಕ್ ಬೋಲ್ಟ್‌ಗೆ ಸ್ಪಾನರ್ ಹಾಕಿ ನೋಡಿ. ಹಳೆ ಕ್ರ್ಯಾಂಕ್ ಹೊಸ ಅಕ್ಷದ ಮೇಲೆ ಮೊದಲ ಭಾರಕ್ಕೆ ಇನ್ನೂ ಸ್ವಲ್ಪ ಒಳಗೆ ಸರಿದಿರುತ್ತದೆ, ಬೋಲ್ಟ್ ಕಾಲು ಸುತ್ತು ತಿರುಗುತ್ತದೆ. ಬಿಗಿ ಮಾಡಿ. ಮರುದಿನವೂ ಒಮ್ಮೆ ನೋಡಿ, ಅಲ್ಲಾಡದಿದ್ದರೆ ಆಮೇಲೆ ಬಂಡೆಯ ಕಡೆ ಹೊರಡಿ.